ಬಣ್ಣ ಹೊಂದಿಸುತ್ತಿದ್ದ ಮೇಸ್ತ್ರಿ

ಈಚೆಗೆ ಪಕ್ಕದ ಮನೆಯವರು ಗೇಟಿನಿಂದ ಕಾರು ನಿಲ್ಲುವ ಜಾಗದವರೆಗೆ ಹೊಸ ಇಂಟರ್‌ಲಾಕ್ ಕಲ್ಲು ಹಾಕಿಸಿದರು. ಹಾಕಿ ವಾರವಾಗಿಲ್ಲ, ಅರ್ಧ ಭಾಗ ಬೂದಿ ಬಣ್ಣ, ಇನ್ನರ್ಧ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತು. ಕಂಟ್ರಾಕ್ಟರನನ್ನು ಕರೆಸಿದರೆ ಆತ ಕಿವಿಯ ಮೊಬೈಲು ತೆಗೆಯದೆಯೇ, "ಲಾಟ್ ಬ್ಯಾರೆ ಬಂದೈತ್ರಿ ಮೇಡಂ, ಎರಡು ಮಳಿ ಬಿದ್ರ ತಾನ ಸರಿಹೋಗ್ತೈತಿ" ಎಂದ. ಹೊಸಪೇಟೆಯ ಏಪ್ರಿಲ್‌ನಲ್ಲಿ ಎರಡು ಮಳೆಯನ್ನು ಎಲ್ಲಿಂದ ತರುವುದು? ಮರುದಿನ ಇಬ್ಬರು ಆಳುಗಳು ಕ್ಯಾನಿನಲ್ಲಿ ಆಸಿಡ್ ತಂದು ಸುರಿದು ಪೊರಕೆಯಿಂದ ತಿಕ್ಕತೊಡಗಿದರು. ಆ ವಾಸನೆ ಕಾಂಪೌಂಡ್ ದಾಟಿ ನಮ್ಮ ಅಡುಗೆಮನೆಗೆ ಬಂತು. ಒಗ್ಗರಣೆಗೆ ಇಟ್ಟ ಎಣ್ಣೆ ಹೊಗೆಯಾಡುವವರೆಗೂ ನಾನು ಸೌಟು ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದೆ…

ಇದೇ ವಾಸನೆ ನಲವತ್ತು ವರ್ಷಗಳ ಹಿಂದೆ ನಮ್ಮದೇ ಅಂಗಳದಲ್ಲಿ ಎದ್ದಿತ್ತು. ಅವತ್ತು ಸುರಿದವರು ನಮ್ಮ ಫರಸಿ ಮೇಸ್ತ್ರಿ, ಅಂದರೆ ಹಾಸುಗಲ್ಲು ಹಾಕುವವರು. ಅವರಿಗೊಂದು ಹೆಸರಿತ್ತು, ಆದರೆ ಆ ಹೆಸರಿನಿಂದ ಯಾರೂ ಕರೆದದ್ದನ್ನು ನಾನು ಕೇಳಲಿಲ್ಲ. ನನಗೂ ಅವರು ಮೇಸ್ತ್ರಿಯೇ.

ನಾನು ಸಂಡೂರಿನ ಕಡೆಯವಳು. ಅದಿರಿನ ಲಾರಿಗಳ ಕೆಂಪು ಧೂಳಿನಲ್ಲಿ ಬೆಳೆದವಳು. ಎಂಬತ್ತರ ದಶಕದ ಮೊದಲಿಗೆ ಮದುವೆಯಾಗಿ ಹೊಸಪೇಟೆಯ ಅಕ್ಕಿ ಗಿರಣಿಯ ಮನೆಗೆ ಬಂದೆ. ಆಗ ಕಾಲುವೆ ನೀರಿನ ಸುಗ್ಗಿ. ವರ್ಷಕ್ಕೆ ಎರಡು ಬೆಳೆ ಭತ್ತ, ಗಿರಣಿಗೆ ಬಿಡುವಿಲ್ಲ, ಯಾರ ಬಾಯಲ್ಲಿ ಕೇಳಿದರೂ ಟ್ರ್ಯಾಕ್ಟರ್, ಮೋಟರ್, ಹೊಸ ಮನೆ ಎಂಬ ಮಾತೇ. ನಮ್ಮ ಮಾವನವರೂ ಹೊಸ ಮನೆ ಕಟ್ಟಿಸಿದ್ದರು, ಮುಂದೆ ಪೋರ್ಟಿಕೋ ಇಳಿಸಿದ್ದರು, ಬಿಳೀ ಅಂಬಾಸಿಡರ್ ತಂದಿದ್ದರು. ಉಳಿದದ್ದು ಗೇಟಿನಿಂದ ಪೋರ್ಟಿಕೋವರೆಗಿನ ಮಣ್ಣಿನ ಅಂಗಳ ಮಾತ್ರ. ಮಳೆ ಬಂದರೆ ಅಲ್ಲಿ ಕಾರಿನ ಗಾಲಿ ಹೂತು, ಗಿರಣಿಯ ಹಮಾಲರು ಬಂದು ತಳ್ಳಬೇಕಿತ್ತು. ಹಮಾಲರು ಮುಸಿಮುಸಿ ನಗುತ್ತಿದ್ದರು. ಅದಕ್ಕೇ ಮಾವನವರು ಎರಡಿಂಚಿನ ಶಹಾಬಾದ್ ಫರಸಿ ಹಾಕಿಸುವುದೆಂದು ನಿಶ್ಚಯಿಸಿದರು. ಹಾಕುವವರು ಯಾರು ಎಂಬ ಪ್ರಶ್ನೆಯೇ ಇರಲಿಲ್ಲ.

ಮೇಸ್ತ್ರಿ ಹೊಸಪೇಟೆಗೆ ಅಂಟಿದ ಚಿತ್ತವಾಡ್ಗಿಯವರು. ಐವತ್ತೈದು ದಾಟಿದ ಸಣಕಲು ಆಸಾಮಿ. ಸೈಕಲ್ಲಿನ ಹಳೇ ಟ್ಯೂಬು ಕತ್ತರಿಸಿ ಎರಡೂ ಮೊಣಕಾಲಿಗೆ ಕಟ್ಟಿಕೊಂಡು, ದಿನವಿಡೀ ಮೊಣಕಾಲ ಮೇಲೇ ಓಡಾಡುತ್ತಿದ್ದರು. ಫರಸಿಯನ್ನು ಮಟ್ಟಸವಾಗಿ ಕೂರಿಸುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಇವರ ಹೆಸರು ಇದ್ದದ್ದು ಬಣ್ಣ ಹೊಂದಿಸುವುದರಲ್ಲಿ. ಕಲ್ಲುಗಣಿಯ ಧೂಳು ಮೆತ್ತಿದಾಗ ಫರಸಿ ಎಲ್ಲಾ ಒಂದೇ ಬೂದಿ. ತೊಳೆದಾಗ ಅದರ ಅಸಲು ಬಣ್ಣ ಹೊರಬರುತ್ತದೆ, ಒಂದಕ್ಕೆ ನೀಲಿಯ ಛಾಯೆ, ಒಂದಕ್ಕೆ ಹಳದಿಯ ಛಾಯೆ. ಬಂದದ್ದು ಬಂದ ಹಾಗೆ ಹಾಕಿಕೊಂಡು ಹೋದರೆ ಅಂಗಳ ಎರಡು ಹೋಳಾಗಿ ಕಾಣುತ್ತದೆ. ಆದ್ದರಿಂದ ಮೇಸ್ತ್ರಿ ಹೋದಲ್ಲೆಲ್ಲ ಬಿಸಿಲೇರುವ ಮೊದಲು ಮರದ ನೆರಳಲ್ಲಿ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ನೀರು ಚಿಮುಕಿಸಿ, ಬಣ್ಣದಂತೆ ಬೇರೆ ಬೇರೆ ಗುಂಪು ಮಾಡುತ್ತಿದ್ದರು. ಆಮೇಲೆ ಆ ಗುಂಪಿನದೊಂದು, ಈ ಗುಂಪಿನದೊಂದು ಎತ್ತಿಕೊಂಡು, ನೀಲಿ ಹಳದಿ ಒಂದರೊಳಗೊಂದು ಕರಗುವ ಹಾಗೆ ಹಾಕುತ್ತಿದ್ದರು. ನಮ್ಮ ಗಿರಣಿಯಲ್ಲಿ ಹಳೇ ಅಕ್ಕಿಗೆ ಹೊಸ ಅಕ್ಕಿ ಬೆರೆಸುತ್ತಿದ್ದರಲ್ಲ, ಹಾಗೆ.

"ಹಂಪಿ ಬಜಾರ್‌ನಾಗ ನೋಡ್ರಿ ಧಣೇರ, ನೂರು ಬಣ್ಣದ ಕಲ್ಲು ಅದಾವು. ಅಷ್ಟು ವರ್ಷದಿಂದ ಯಾರೂ ತಕರಾರು ಮಾಡಿಲ್ಲ. ನಿಮ್ಮ ಕಾರಿಗೆ ಮಾತ್ರ ಒಂದ ಬಣ್ಣದ ದಾರಿ ಬೇಕು ನೋಡ್ರಿ" ಎಂದು ಅವರು ಮಾವನವರನ್ನು ಕಿಚಾಯಿಸುತ್ತಿದ್ದದ್ದು ನನಗೆ ನೆನಪಿದೆ. ಮಾವನವರೊಂದಿಗೆ ಹಾಗೆ ಮಾತಾಡುವ ಧೈರ್ಯ ಇದ್ದದ್ದು ಮೇಸ್ತ್ರಿಗೊಬ್ಬರಿಗೇ.

ಎರಡು ಲಾರಿ ಕಲ್ಲು ಬಂತು, ಕೆಲಸ ಹದಿನೈದು ದಿನದಲ್ಲಿ ಮುಗಿಯಿತು. ಇಬ್ಬರು ಆಳುಗಳು ಗಾರೆ ಕಲಸಿದರು, ಕಲ್ಲು ಹೊತ್ತರು. ಯಾವ ಕಲ್ಲು ಎಲ್ಲಿಗೆ ಎನ್ನುವುದು ಮಾತ್ರ ಮೇಸ್ತ್ರಿಯ ಮಾತು. ಮೇಸ್ತ್ರಿ ಎತ್ತಿಕೊಟ್ಟ ಕಲ್ಲಿಗೆ ಎದುರಾಡುವ ಆಳು ಆ ಕಾಲಕ್ಕೆ ಇನ್ನೂ ಹುಟ್ಟಿರಲಿಲ್ಲ. ಗಾರೆ ಬಿಗಿಯಲೆಂದು ಅಂಗಳದ ತುಂಬ ಭತ್ತದ ಹುಲ್ಲು ಹಾಸಿ ಹತ್ತು ದಿನ ನೀರುಣಿಸಿದರು. ನಾನೋ ತವರಿನ ರೂಢಿ ಬಿಡದವಳು. ಬೆಳಿಗ್ಗೆ ಎದ್ದರೆ ಬಾಗಿಲ ಮುಂದೆ ಸಗಣಿ ನೀರು ಹೊಡೆದು ರಂಗೋಲಿ ಎಳೆಯದಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. ಆ ಹತ್ತು ದಿನವೂ ಪೋರ್ಟಿಕೋ ಮೆಟ್ಟಿಲ ಮುಂದಿನ ಹುಲ್ಲು ಸರಿಸಿ ಅದನ್ನೇ ಮಾಡಿದೆ.

ಹುಲ್ಲು ತೆಗೆದು ತೊಳೆದ ದಿನ ಎಲ್ಲರೂ ಮೆಟ್ಟಿಲ ಮೇಲೆ ನಿಂತು ನೋಡಿದೆವು. ಗೇಟಿನ ಕಡೆಯ ಅರ್ಧ ನೀಲಿ, ಮನೆಯ ಕಡೆಯ ಅರ್ಧ ಹಳದಿ. ನಡುವೆ ಧೋತರದ ಅಂಚಿನ ಹಾಗೆ ಒಂದು ಗೆರೆ. ಆಮೇಲೆ ಅತ್ತೆ ನನ್ನ ಕಡೆ ತಿರುಗಿದರು.

"ಮಣ್ಣಂಗಳ ಸಾರಿಸಿ ರೂಢಿ ಐತೆವ್ವ ಈಕೀಗೆ. ಕಲ್ಲಿಗೂ ಸಗಣಿ ಕುಡಿಸ್ಯಾಳ. ನೋಡ್ರಿ, ಮನಿ ಕಡೆದಷ್ಟ ಹಳದಿ ಆಗೈತಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕಥೆ. ಸಂಜೆಯ ಹೊತ್ತಿಗೆ ಮನೆಗೆ ಬಂದುಹೋದವರಿಗೆಲ್ಲ ಸಂಡೂರಿನ ಸೊಸೆ ಹೊಸ ಅಂಗಳ ಕೆಡಿಸಿದ ಸುದ್ದಿ ಗೊತ್ತಾಗಿತ್ತು. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಪೇಪರು ಓದುತ್ತಾ ಕೂತಿದ್ದರು. ಅವರು ಯಾವ ಜಗಳಕ್ಕೂ ಪೇಪರು ಮಡಚಿದವರಲ್ಲ.

ಮರುದಿನ ಮಾವನವರು ಅಂಗಳದಲ್ಲಿ ಗೆರೆ ಬಿದ್ದಿದೆ ಎಂದು ಹೇಳಿಕಳಿಸಿ ಮೇಸ್ತ್ರಿಯನ್ನು ಕರೆಸಿದರು. ಅವರು ಗೇಟಿನಿಂದ ನಡೆದು ಬಂದು ಸರಿಯಾಗಿ ಆ ಗೆರೆಯ ಮೇಲೇ ನಿಂತು, "ಎಲ್ರಿ ಧಣೇರ?" ಎಂದು ಕೇಳಿದರು.

"ಎಲ್ಲಿ ಅಂತ ಕೇಳ್ತೀಯಲ್ಲೋ, ನಿನ್ನ ಕಾಲ ಕೆಳಗ ಐತಿ."

ಮೇಸ್ತ್ರಿ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಅದು ಸೊಕ್ಕು ಎಂದು ಮಾವನವರಿಗೆ ಅನ್ನಿಸಿತೇನೋ, ಮುಖ ಬಿಗಿದುಕೊಂಡಿತ್ತು. ಕೊನೆಗೆ ಮೇಸ್ತ್ರಿ, "ಹೌದ್ರಿ… ಐತ್ರಿ" ಎಂದರು. ಅತ್ತೆ ಸಗಣಿ ನೀರಿನ ಮಾತು ತೆಗೆದರು. ಮೇಸ್ತ್ರಿ ಸುಮ್ಮನೆ ಹೌದು ಎಂದಿದ್ದರೆ ಸಾಕಿತ್ತು, ಪಾರಾಗಿಬಿಡುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಅದನ್ನೇ ನಿರೀಕ್ಷಿಸುತ್ತಿದ್ದೆ.

"ಇಲ್ರೆವ್ವ. ಸಗಣಿ ನೀರಿಗೆ ಕೆಡೋ ಕಲ್ಲಲ್ಲ ಇದು. ಆಕೀಗ್ಯಾಕ ಅಂತೀರಿ. ಎರಡು ಲಾರಿ ಕಲ್ಲು ನಾ ಕಲಸಿ ಹಾಕ್ಲಿಲ್ಲ. ತಪ್ಪು ನಂದ."

ಆ ಮನೆಗೆ ಬಂದು ಎಂಟು ತಿಂಗಳಾಗಿತ್ತು. ನನ್ನ ಪರವಾಗಿ ಒಬ್ಬರು ಬಾಯಿಬಿಟ್ಟದ್ದು ಅದೇ ಮೊದಲು. ಒಳಗೆ ಹೋಗಿ ಸ್ವಲ್ಪ ಹೊತ್ತು ಅತ್ತುಬಿಟ್ಟೆ, ಯಾಕೆ ಸುಳ್ಳು ಹೇಳಲಿ.

ಗಾರೆಯ ಕಲೆ ಏನಾದರೂ ಕೂತಿದ್ದರೆ ಹೋಗಲಿ ಎಂದು ಮೊದಲು ಆಸಿಡ್ ಹೊಡೆದು ನೋಡುವುದೆಂದಾಯಿತು. ಮಾರನೆಯ ದಿನ ಮೇಸ್ತ್ರಿ ಒಬ್ಬರೇ ಬಂದರು. ಮಾವನವರು ಗಿರಣಿಗೆ ಹೋಗಿದ್ದರು, ಅತ್ತೆ ಪೂಜೆಯಲ್ಲಿದ್ದರು. "ಹಳದಿ ಕಲ್ಲಿಗೆ ಮಾತ್ರ ಹಾಕು, ಚಲೋ ಕಲ್ಲಿನ ಹೊಳಪು ಕೆಡಸಬ್ಯಾಡ" ಎಂದು ಮಾವನವರು ಹೇಳಿಹೋದದ್ದನ್ನು ನಾನೇ ಕೇಳಿದ್ದೆ. ಚಹಾ ತೆಗೆದುಕೊಂಡು ಹೊರಗೆ ಬಂದೆ. ಮೇಸ್ತ್ರಿ ಗೇಟಿನ ಕಡೆಯ ನೀಲಿ ಕಲ್ಲುಗಳ ಮೇಲೆ ಕೂತು, ಒಂದೊಂದಕ್ಕೂ ಆಸಿಡ್ ಸುರಿದು ತಿಕ್ಕುತ್ತಿದ್ದರು. ಬಿಳೀ ನೊರೆ ಬುಸುಗುಡುತ್ತಿತ್ತು. ಕಣ್ಣಿಂದ ನೀರು ಸುರಿಯುತ್ತಿದ್ದರೂ ತಲೆ ಎತ್ತದೆ ತಿಕ್ಕುತ್ತಿದ್ದರು. ಆಗಲೇ ಏಳೆಂಟು ಒಳ್ಳೆಯ ಕಲ್ಲುಗಳ ಮೈ ತರಚಿಹೋಗಿತ್ತು.

"ಮೇಸ್ತ್ರಿ, ಅವು ಹಳದಿ ಅಲ್ರಿ" ಎಂದೆ.

ಕೈ ನಿಂತಿತು. ಪೊರಕೆ ಕೆಳಗಿಟ್ಟು ಅವರು ನನ್ನ ದನಿ ಬಂದ ಕಡೆ ನೋಡಿದರು. ನನಗೆ ತಟ್ಟನೆ ಹೊಳೆಯಿತು. ಅವರ ಎರಡೂ ಕಣ್ಣಿನ ನಡುವೆ ಗಂಜಿಯ ಕೆನೆ ಕಟ್ಟಿದ ಹಾಗೆ ಏನೋ ಇತ್ತು. ಅಷ್ಟು ದಿನ ಊಟ ಬಡಿಸಿದ್ದೆ, ಚಹಾ ಕೊಟ್ಟಿದ್ದೆ, ಒಮ್ಮೆಯೂ ಅವರ ಮುಖ ನೋಡಿರಲಿಲ್ಲ.

"ಕುಂದ್ರು ತಂಗೆವ್ವ" ಎಂದರು. ನಾನು ಮೆಟ್ಟಿಲ ಮೇಲೆ ಕೂತೆ. ಅವರು ಬೇರೆ ಯಾರದೋ ವಿಷಯ ಹೇಳುವವರ ಹಾಗೆ ಹೇಳಿದರು. ಎರಡು ವರ್ಷದಿಂದ ಫರಸಿ ಎಲ್ಲಾ ಒಂದೇ ಬಣ್ಣ ಬರುತ್ತಿದೆ ಎಂದು ಅವರು ಖುಷಿಪಟ್ಟಿದ್ದರಂತೆ. ಗಣಿಯವರು ಈಗ ಚಲೋ ಕಲ್ಲು ತೆಗೆಯುತ್ತಿದ್ದಾರೆ, ಬೇರೆ ಮಾಡುವ ಕೆಲಸವೇ ತಪ್ಪಿತು ಎಂದುಕೊಂಡಿದ್ದರಂತೆ. ಕಳೆದ ವರ್ಷ ಹೆಂಡತಿ ಹಸಿರು ಸೀರೆ ಉಟ್ಟಾಗ ಕರೀ ಸೀರೆ ಯಾಕೆ ಉಟ್ಟೆ ಎಂದು ಬೈದು, ಆಗ ತಿಳಿಯಿತಂತೆ, ಕೆಟ್ಟದ್ದು ಕಲ್ಲಲ್ಲ ಎಂದು.

"ಗೆರಿ ನಿಮಗೆಲ್ಲಾ ಕಂಡ್ತು. ನನಗ ಕಾಣಲಿಲ್ಲ ತಂಗೆವ್ವ. ನಿಂತು ನಿಂತು ನೋಡಿದೆ."

"ಡಾಕ್ಟರಿಗೆ ತೋರಿಸ್ರಿ. ಪೊರಿ ಇದ್ದೀತು. ಮಾವಾರು ವರ್ಷಾ ಕಣ್ಣಿನ ಕ್ಯಾಂಪ್ ಮಾಡಸ್ತಾರಲ್ಲ, ಅವ್ರಿಗೆ ಹೇಳ್ಲ್ಯಾ?"

ಅವರು ಎದ್ದು ನಿಂತುಬಿಟ್ಟರು. "ಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ, ಬ್ಯಾಡ. ಕ್ಯಾಂಪಿಗೆ ಹ್ವಾದಾವ್ರು ಆರು ತಿಂಗಳು ಬಗ್ಗಂಗಿಲ್ಲ, ಭಾರ ಎತ್ತಂಗಿಲ್ಲ. ಆಮ್ಯಾಲೆ ಸೋಡಾ ಬಾಟ್ಲಿ ತಳದಂಥ ಚಸ್ಮಾ ಕೊಡ್ತಾರ. ಅದನ್ನ ಹಾಕ್ಕಂಡು ಹ್ವಾದ್ರ ಬಣ್ಣ ಹೊಂದ್ಸು ಅಂತ ಯಾರು ಕರೀತಾರ? ಈ ಮೇಸ್ತ್ರಿ ಕಣ್ಣು ಹೋಗ್ಯಾವ ಅಂತ ಒಬ್ಬಗ ಗೊತ್ತಾದ್ರ ಊರಿಗೆಲ್ಲಾ ಗೊತ್ತಾತು. ಅಡಕಿಗೆ ಹ್ವಾದ ಮಾನ ಆನಿ ಕೊಟ್ರೂ ಬರಂಗಿಲ್ಲ. ನನಗ ಇರೋದು ಅದೊಂದ ಹೆಸರು."

ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಿನ್ನೆ ಅವರು ನನ್ನ ಮಾನ ಉಳಿಸಿದ್ದರು, ಇವತ್ತು ನನ್ನ ಸರದಿ, ಅಷ್ಟೇ ಲೆಕ್ಕ ನನ್ನ ತಲೆಯಲ್ಲಿ ಇದ್ದದ್ದು. ಇಪ್ಪತ್ತೆರಡು ವರ್ಷದವಳಿಗೆ ಅದಕ್ಕಿಂತ ದೊಡ್ಡ ಲೆಕ್ಕ ಬರುತ್ತಿರಲಿಲ್ಲ.

ಆಸಿಡ್‌ನಿಂದ ಏನೂ ಆಗದು, ಕಲ್ಲು ಎಬ್ಬಿಸಿ ಕಲಸಿ ಹಾಕುವುದೇ ದಾರಿ ಎಂದು ಮೇಸ್ತ್ರಿ ಮಾವನವರಿಗೆ ಹೇಳಿದರು. ಮಾವನವರು ಆಸಿಡ್‌ಗೆ ಕೆಟ್ಟ ಏಳೆಂಟು ಕಲ್ಲಿಗಾಗಿ ಗೊಣಗಿದರೂ ಒಪ್ಪಿದರು. ಆಳುಗಳು ಹಾರೆಯಿಂದ ಮೆಲ್ಲಗೆ ಕಲ್ಲು ಎಬ್ಬಿಸಿ, ಹಿಂದಿನ ಗಾರೆ ಕೆತ್ತಿ, ನಮ್ಮ ಅಂಗಳದ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಇನ್ನು ಬಣ್ಣ ಗುರುತಿಸಬೇಕಲ್ಲ. ಅದಕ್ಕೆ ನಾವಿಬ್ಬರೂ ಕಂಡುಕೊಂಡ ಉಪಾಯ ರಂಗೋಲಿ. ಬೆಳಿಗ್ಗೆ ಆಳುಗಳು ಬರುವ ಮೊದಲು ನಾನು ಕಲ್ಲುಗಳಿಗೆ ನೀರು ಚಿಮುಕಿಸಿ ನೋಡಿ, ರಂಗೋಲಿ ಪುಡಿ ಕಲಸಿದ ನೀರಲ್ಲಿ ಬೆರಳದ್ದಿ, ಪ್ರತಿ ಕಲ್ಲಿನ ಮೂಲೆಗೆ ಚುಕ್ಕಿ ಇಡುತ್ತಿದ್ದೆ. ನೀಲಿಗೆ ಒಂದು, ಹಳದಿಗೆ ಎರಡು. ಮೇಸ್ತ್ರಿ ಬಂದು ಆ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿ, ಇದಿಲ್ಲಿ, ಅದಲ್ಲಿ ಎಂದು ಆಳುಗಳಿಗೆ ತೋರಿಸುತ್ತಿದ್ದರು.

ಎರಡನೆಯ ದಿನವೇ ಅತ್ತೆ ನೋಡಿದರು. "ಈಗ ಕಲ್ಲಿಗೂ ರಂಗೋಲಿ ಹಾಕಾಕತ್ತೇನವ್ವ?"

"ಎಬ್ಬಿಸಿದ ಕಲ್ಲು ಅತ್ತಿ. ಪೂಜಿ ಮಾಡಿ ಹಾಕಬೇಕಂತ, ನಮ್ಮ ಕಡೆ ಶಾಸ್ತ್ರ ಐತಿ" ಎಂದೆ. ಸಂಡೂರಿನಲ್ಲಿ ಹಾಗೊಂದು ಶಾಸ್ತ್ರ ಇದ್ದದ್ದು ನನಗಂತೂ ಗೊತ್ತಿಲ್ಲ. ಅತ್ತೆ ಶಾಸ್ತ್ರ ಎಂದರೆ ಎರಡನೆಯ ಮಾತು ಆಡುವವರಲ್ಲ. ಮೂರನೆಯ ದಿನ ಅವರೇ ಅರಿಶಿನ ಕುಂಕುಮ ತಂದುಕೊಟ್ಟರು. ಮೇಸ್ತ್ರಿ ನಕ್ಕದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ಹನ್ನೆರಡು ದಿನದಲ್ಲಿ ಅಂಗಳ ಮತ್ತೆ ಸಿದ್ಧವಾಯಿತು. ತೊಳೆದು ನೋಡಿದರೆ ಗೆರೆ ಇಲ್ಲ, ಹೋಳಿಲ್ಲ. ಎಲ್ಲಿ ನೀಲಿ ಮುಗಿದು ಎಲ್ಲಿ ಹಳದಿ ಶುರುವಾಯಿತೆಂದು ಹೇಳಲು ಬಾರದ ಹಾಗೆ ಕಲೆತುಹೋಗಿತ್ತು. ಮಾವನವರು ಕಾರು ತಾವೇ ಓಡಿಸಿಕೊಂಡು ಗೇಟಿನಿಂದ ಪೋರ್ಟಿಕೋವರೆಗೆ ಎರಡು ಸಲ ಬಂದರು. "ಮೇಸ್ತ್ರಿ ಅಂದ್ರ ಮೇಸ್ತ್ರಿನ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸಿದರು. ಮೇಸ್ತ್ರಿ ತಲೆ ತಗ್ಗಿಸಿಕೊಂಡು ನಿಂತಿದ್ದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ರಾತ್ರಿ ಊಟ ಸೇರಲಿಲ್ಲ. ಆ ಮನೆಯಲ್ಲಿ ಸಾರಿಗೆ ಉಪ್ಪು ಎಷ್ಟೆಂದು ಕೂಡ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಅಂಥದ್ದರಲ್ಲಿ ಇಡೀ ಅಂಗಳ ನನ್ನ ಕಣ್ಣಿನಿಂದ ಆಗಿತ್ತು.

ಈ ಹೆಮ್ಮೆಯ ವಿಷಯ ಹೇಳಲೇಬೇಕು. ಮಾತು ಕೊಟ್ಟಿದ್ದೆ, ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಆ ಗುಟ್ಟು ಇದ್ದಷ್ಟು ದಿನ ನಾನು ಒಬ್ಬರಿಗೆ ಬೇಕಾದವಳಾಗಿದ್ದೆ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಆ ಚಳಿಗಾಲ ಊರಿನ ಶಾಲೆಯಲ್ಲಿ ಕಣ್ಣಿನ ಕ್ಯಾಂಪ್ ನಡೆಯಿತು. ಮಾವನವರೇ ಮುಂದೆ ನಿಂತಿದ್ದರು. ಗಂಜಿಗೆ ನುಚ್ಚು ನಮ್ಮ ಗಿರಣಿಯದು. ಮನೆಯ ಹೆಂಗಸರು ಸರದಿಯ ಮೇಲೆ ಹೋಗಿ ಬಡಿಸುತ್ತಿದ್ದೆವು. ಶಾಲೆಯ ಕೋಣೆಗಳಲ್ಲಿ ಬೆಂಚು ಹೊರಗೆ ಹಾಕಿ, ಚಾಪೆಯ ಮೇಲೆ ಸಾಲಾಗಿ ಮಲಗಿಸಿದ್ದರು. ಎಲ್ಲರ ಕಣ್ಣಿಗೂ ಹಸಿರು ಬಟ್ಟೆ. ಅವರಲ್ಲಿ ಮೇಸ್ತ್ರಿಗಿಂತ ಹತ್ತು ವರ್ಷ ದೊಡ್ಡವರಿದ್ದರು, ಹೆಚ್ಚುಕಡಿಮೆ ಪೂರ್ತಿ ಕುರುಡಾದವರಿದ್ದರು. ಬಟ್ಟೆ ಬಿಚ್ಚಿದ ದಿನ ಒಬ್ಬ ಮುದುಕಿ ನನ್ನ ಬಳೆ ನೋಡಿ, "ಕೆಂಪು ಅದಾವಲ್ಲ ಯವ್ವಾ" ಎಂದು ಎಣಿಸತೊಡಗಿದಳು…

ಅವತ್ತು ಮಧ್ಯಾಹ್ನ ಮಾವನವರು ಊಟಕ್ಕೆ ಕೂತಾಗ ಬಡಿಸಲು ನಿಂತವಳು ನಾನೇ. ಹೇಳಿಬಿಡೋಣ ಎಂದು ನಿಶ್ಚಯ ಮಾಡಿಕೊಂಡೇ ಬಂದಿದ್ದೆ. "ಮಾವಾರ…" ಎಂದೆ. ಅವರು ತಲೆ ಎತ್ತಿದರು. ಮುಂದಿನ ಮಾತು ಬಾಯಿಗೆ ಬಂದಿತ್ತು. "ಇನ್ನೊಂಚೂರು ಸಾರು ಹಾಕ್ಲ್ಯಾ?" ಎಂದೆ. ಅವರು ಸಾಕು ಎಂದರು. ಕ್ಯಾಂಪ್ ಮುಗಿಯಿತು, ಡಾಕ್ಟರುಗಳು ಊರು ಬಿಟ್ಟರು.

ಕಂಪ್ಲಿಯ ವಿಷಯ ಬಂದದ್ದು ಆಮೇಲೆ. ನನ್ನ ನಾದಿನಿಯನ್ನು ಅಲ್ಲಿಗೆ ಕೊಟ್ಟಿತ್ತು. ಅವಳ ಮಾವ, ಅಂದರೆ ನಮ್ಮ ಬೀಗರು, ನಮ್ಮದಕ್ಕಿಂತ ಒಂದು ಕೈ ಮೇಲಾದ ಮನೆ ಕಟ್ಟಿಸುತ್ತಿದ್ದರು. ನಮ್ಮ ಅಂಗಳ ನೋಡಿ ಅವರಿಗೂ ಅಂಥದ್ದೇ ಬೇಕೆನಿಸಿತು. "ನಮ್ಮ ಮೇಸ್ತ್ರೀನ ಕಳಸ್ತೀನಿ, ಕಣ್ಣು ಮುಚ್ಚಿ ಬಿಡ್ರಿ" ಎಂದು ಮಾವನವರು ಮಾತು ಕೊಟ್ಟರು.

ಮೇಸ್ತ್ರಿ ಹಿತ್ತಲ ಬಾಗಿಲಿಗೆ ಬಂದರು. ನನಗಾಗ ಏಳು ತಿಂಗಳು. "ಒಪ್ಕೊಳ್ಳಲೇನು ತಂಗೆವ್ವ? ನೀ ಹೇಳಿದಂಗ" ಎಂದರು. ನೀವು ಹೋಗಬೇಡಿ ಎನ್ನುವ ಅವಕಾಶ ನನ್ನ ಕೈಯಲ್ಲಿತ್ತು. ಹನ್ನೆರಡು ದಿನ ಚುಕ್ಕಿ ಇಟ್ಟು ನಾನೂ ಅರ್ಧ ಮೇಸ್ತ್ರಿ ಆಗಿದ್ದೆನಲ್ಲ, ಬುದ್ಧಿ ಹೇಳಿದೆ.

"ಒಂದ ಗಣಿ, ಒಂದ ಲಾರಿ ಕಲ್ಲು ತರಸ್ರಿ. ಬಣ್ಣ ಯಾಕ ಬ್ಯಾರೆ ಆಗ್ತೈತಿ?"

ಒಂದೇ ಗಣಿಯಲ್ಲಿ ಮೇಲಿನ ಪದರದ ಕಲ್ಲು ಬೇರೆ, ಕೆಳಗಿನ ಪದರದ್ದು ಬೇರೆ ಎಂಬುದು ನನಗೆ ತಿಳಿದಿರಲಿಲ್ಲ. ಅವರಿಗೆ ತಿಳಿದಿತ್ತು, ಖಂಡಿತ ತಿಳಿದಿತ್ತು. ಆದರೂ ಹೌದೆಂದು ತಲೆ ಆಡಿಸಿ ಹೋದರು. ಬೇಡ ಎನ್ನಲು ಅವರು ಮಾವನವರಿಗೆ ಒಂದು ನೆಪ ಹೇಳಬೇಕಿತ್ತು, ನೆಪ ಹೇಳಿದರೆ ಯಾಕೆಂದು ಕೇಳುತ್ತಿದ್ದರು.

ಗೃಹಪ್ರವೇಶಕ್ಕೆ ನಾನು ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಕಂಪ್ಲಿಗೆ ಹೋದೆ. ಕಾರಿಂದ ಇಳಿದೊಡನೆ ನೋಡಿದೆ. ತೇಪೆ ಹಾಕಿದ ಕೌದಿಯ ಹಾಗಿತ್ತು ಅಂಗಳ. ಇಲ್ಲಿ ನಾಲ್ಕು ನೀಲಿ, ಅಲ್ಲಿ ಏಳೆಂಟು ಹಳದಿ, ಬಾಗಿಲ ಎದುರಿಗೇ ದೊಡ್ಡದೊಂದು ಹಳದಿ ಮಚ್ಚೆ. ನಮ್ಮ ಮಾವನವರು ಒಮ್ಮೆ ನೋಡಿ, ಚಪ್ಪಲಿ ಬಿಟ್ಟು ಸೀದಾ ಒಳಗೆ ನಡೆದರು. ಹೊಸ ಮನೆ ಮಾಡಿದವರು ಮೇಸ್ತ್ರಿಗೆ ಧೋತರ ಕೊಟ್ಟು ಆಯೇರಿ ಮಾಡುವುದು ನಮ್ಮ ಕಡೆಯ ಪದ್ಧತಿ. ಅದಕ್ಕಾಗಿ ಮೇಸ್ತ್ರಿಯೂ ಬಂದಿದ್ದರು, ಒಗೆದ ಬಿಳೀ ಅಂಗಿ ಹಾಕಿಕೊಂಡು, 'ಚಲೋ ಆಗೈತಲ್ಲ' ಎನ್ನುವ ಮುಖದಲ್ಲಿ ಒಂದು ಮೂಲೆಗೆ ನಿಂತಿದ್ದರು.

ಊಟ ಮುಗಿದು ಜನ ಚಪ್ಪರದ ಕೆಳಗೆ ಕೂತಿದ್ದಾಗ ಬೀಗರು ಅವರನ್ನು ಕರೆದರು.

"ಮೇಸ್ತ್ರೀ, ಬಾ ಇಲ್ಲಿ. ಇದ್ರಾಗ ನೀಲಿ ಯಾವ್ದು, ಹಳದಿ ಯಾವ್ದು, ಬಟ್ಟು ಮಾಡಿ ತೋರ್ಸು."

"ಎಲ್ಲಾ ಒಂದ ಲಾರಿದು ರಿ…"

"ಕುಣಿಯಲಾರದಾಕಿ ನೆಲ ಡೊಂಕು ಅಂದ್ಲಂತ. ಲಾರಿ ಮಾತು ಬ್ಯಾಡ. ತೋರ್ಸು."

ಮೇಸ್ತ್ರಿ ಒಮ್ಮೆ ಸುತ್ತಲೂ ನೋಡಿದರು. ನಾನು ಎಲ್ಲಿ ಕೂತಿದ್ದೇನೆಂದು ಹುಡುಕಿದರೋ ಏನೋ, ನನಗೆ ಇಂದಿಗೂ ಗೊತ್ತಿಲ್ಲ. ಆಮೇಲೆ ಬಗ್ಗಿ ಒಂದು ಕಲ್ಲು ಮುಟ್ಟಿ, "ಇದು ನೀಲಿ ರಿ" ಎಂದರು. ಅದು ಅರಿಶಿನದಷ್ಟು ಹಳದಿ. ಜನ ನಕ್ಕರು. "ಇನ್ನೊಂದು?" ಎಂದರು ಬೀಗರು. ಅವರು ಇನ್ನೊಂದು ಮುಟ್ಟಿದರು. ಈ ಸಲ ನಗು ಕಡಿಮೆಯಾಯಿತು. ಯಾರೋ ಹಿಂದಿನಿಂದ, "ಕಣ್ಣ ಕಾಣಂಗಿಲ್ಲಲೇ ಇವಂಗ" ಎಂದರು.

ನಾನು ಕೂಸಿಗೆ ಸೆರಗು ಹೊದಿಸಿ ಕೂತೇ ಇದ್ದೆ. ಎದ್ದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಮೇಸ್ತ್ರಿ ಕೈ ಮುಗಿದು, ಗೇಟಿನ ಕಡೆ ನಡೆದು, ಬಸ್ಸು ಹಿಡಿಯಲು ಹೋದರು. ತಟ್ಟೆಯಲ್ಲಿಟ್ಟಿದ್ದ ಧೋತರವನ್ನು ಸಂಜೆ ಯಾರೋ ಒಳಗೆ ಎತ್ತಿಟ್ಟರು.

ಮಾವನವರು ಕೆಟ್ಟವರಾಗಿರಲಿಲ್ಲ. "ನನಗ ಒಂದು ಮಾತು ಹೇಳಿದ್ರ ಕೈಹಿಡಿದು ಕ್ಯಾಂಪಿಗೆ ಕರ್ಕೊಂಡು ಹೋಗ್ತಿದ್ನಲ್ಲ" ಎಂದು ಮನೆಯಲ್ಲಿ ಎಷ್ಟು ಸಲ ಅಂದರೋ. ನಾನು ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ಮುಂದಿನ ಕ್ಯಾಂಪಿಗೆ ಅವರೇ ಕಾರು ಕಳಿಸಿ ಮೇಸ್ತ್ರಿಯನ್ನು ಕರೆಸಿದರು. ಅಷ್ಟರಲ್ಲಿ ಬಲಗಣ್ಣಿನ ಪೊರೆ ಹಣ್ಣಾಗಿ ಒಡೆದು, ಒಳಗೆ ನೋವೆದ್ದು, ಬೆಳಕೂ ತಿಳಿಯದಂತಾಗಿತ್ತು. ಎಡಗಣ್ಣಿಗೆ ಆಪರೇಷನ್ ಮಾಡಿದರು. ಎದುರು ನಿಂತವರು ಯಾರೆಂದು ತಿಳಿಯುವಷ್ಟು ಬಂತು, ಅದಕ್ಕಿಂತ ಹೆಚ್ಚು ಬರಲಿಲ್ಲ. ಹೋದ ವರ್ಷವೇ ಬಂದಿದ್ದರೆ ಎರಡೂ ಉಳಿಯುತ್ತಿದ್ದವು ಎಂದು ಡಾಕ್ಟರು ಹೇಳಿದರಂತೆ. ಫರಸಿ ಹಾಕಲು ಅವರನ್ನು ಮತ್ತೆ ಯಾರೂ ಕರೆಯಲಿಲ್ಲ. ಅವರ ಹೆಂಡತಿ ನಮ್ಮ ಗಿರಣಿಗೆ ಭತ್ತ ಒಣಗಿಸುವ ಕೆಲಸಕ್ಕೆ ಬರತೊಡಗಿದರು.

ಎರಡು ವರ್ಷ ಬಿಟ್ಟು ನಾನು ಚಿತ್ತವಾಡ್ಗಿಗೆ ಹೋದೆ. ಅವರ ಹೆಂಡತಿಗೆ ಜ್ವರ ಎಂಬ ನೆಪ ಇತ್ತು. ಮೇಸ್ತ್ರಿ ಹೊರಗಿನ ಕಟ್ಟೆಯ ಮೇಲೆ ದಪ್ಪ ಕನ್ನಡಕ ಹಾಕಿಕೊಂಡು ಕೂತಿದ್ದರು. ಮೊಣಕಾಲು ಎರಡೂ ಕಪ್ಪಗೆ ಗಟ್ಟಿಯಾಗಿದ್ದವು. ನಾನು ದಾರಿಯುದ್ದಕ್ಕೂ ಕಲಿತುಕೊಂಡು ಹೋದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಕ್ಯಾಂಪ್ ನಡೆದಾಗ ಮಾವನವರಿಗೆ ಹೇಳಬೇಕೆಂದಿದ್ದೆ, ನೀವು ಬೇಡ ಎಂದಿದ್ದಿರಿ, ಅದಕ್ಕೇ…

ಅವರು ಬೈಯಲಿಲ್ಲ. ಪರವಾಗಿಲ್ಲ ಎಂದೂ ಅನ್ನಲಿಲ್ಲ. ನಾನು ಬಯಸಿ ಹೋದದ್ದು ಅದೊಂದು ಮಾತನ್ನೇ.

"ನಾ ಬ್ಯಾಡ ಅಂದೆ, ಖರೆ ಐತಿ" ಎಂದರು. "ಕಣ್ಣಿಲ್ದಾವ ಅಂದ ಮಾತು ಅದು. ಕಣ್ಣಿದ್ದಾಕಿ ನೀನು. ನೀ ಹೇಳಬೇಕಿತ್ತು ತಂಗೆವ್ವ."

ಆಮೇಲೆ ಚಹಾ ಕುಡಿದು ಹೋಗು ಎಂದರು. ಕುಡಿದೆ. ಮಗ ಮಾತು ಕಲಿತನೇ ಎಂದು ಕೇಳಿದರು, ಕಲಿತ ಎಂದೆ. ಅದೇ ಕೊನೆ. ನಾಲ್ಕೈದು ವರ್ಷದ ಮೇಲೆ ಅವರು ತೀರಿಹೋದರು. ಅವರ ಹೆಂಡತಿ ಕೆಲಸಕ್ಕೆ ಬಾರದ್ದು ನೋಡಿ ವಿಚಾರಿಸಿದಾಗಲೇ ನಮಗೆ ಸುದ್ದಿ ತಿಳಿದದ್ದು. ಮಾವನವರೂ ಈಗಿಲ್ಲ, ಅತ್ತೆಯೂ ಇಲ್ಲ. ಈ ವಿಷಯವನ್ನು ನಾನು ಅವರಿಗೆ ಹೇಳಲೇ ಇಲ್ಲ.

ಈಗ ನನ್ನ ಸರದಿ. ನನಗೂ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಬಲಗಣ್ಣಿಗೆ ಆಪರೇಷನ್ ಆಗಿ ಇಪ್ಪತ್ತು ದಿನವಾಯಿತು. ಬೆಳಿಗ್ಗೆ ಹೋದವಳು ಮಧ್ಯಾಹ್ನಕ್ಕೆ ಮನೆಯಲ್ಲಿದ್ದೆ. ಮೊನ್ನೆ ನಾದಿನಿಯನ್ನು ನೋಡಲು ಕಂಪ್ಲಿಗೆ ಹೋಗಿದ್ದೆ. ಅವಳ ಮನೆಯವರು ಆ ಅಂಗಳವನ್ನು ಬೈದುಕೊಂಡೇ ಇಷ್ಟು ವರ್ಷ ಕಳೆದಿದ್ದಾರೆ, ಕಿತ್ತು ಹಾಕಿಸಿಲ್ಲ. ಹೊರಡುವಾಗ ಕಾರು ತಿರುಗಿಸಿ ತರುವವರೆಗೆ ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದೆ. ನೀಲಿ, ಹಳದಿ, ನೀಲಿ, ಬಾಗಿಲೆದುರಿನ ಹಳದಿ ಮಚ್ಚೆ, ಎಲ್ಲವೂ ಕಂಡವು. ಧೂಳು ಬಿತ್ತೆಂದು ಬಲಗಣ್ಣು ಮುಚ್ಚಿದೆ.

ಇನ್ನೂ ಪೊರೆ ಇರುವ ಎಡಗಣ್ಣಿಗೆ ಅಂಗಳ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಣ್ಣವಾಗಿತ್ತು. ಮಚ್ಚೆಯನ್ನು ಹುಡುಕಿದೆ, ಸಿಗಲಿಲ್ಲ. ಒಂದು ಕಲ್ಲೂ ಏರುಪೇರಿಲ್ಲದೆ ಮಟ್ಟಸವಾಗಿ, ಬಹಳ ಚಂದಾಗಿ ಹಾಕಿದ್ದರು. ಒಗೆದ ಅಂಗಿ ಹಾಕಿಕೊಂಡು ಆ ಮೂಲೆಗೆ ನಿಂತು ಮೇಸ್ತ್ರಿ ಅವತ್ತು ನೋಡುತ್ತಿದ್ದದ್ದು ಇದನ್ನೇ. ಕಾರು ಬಂದು ಹಾರ್ನ್ ಮಾಡುವವರೆಗೂ ನಾನು ಬಲಗಣ್ಣು ತೆರೆಯಲಿಲ್ಲ.

ಎಡಗಣ್ಣಿಗೆ ಬರುವ ಸೋಮವಾರ ಹೋಗಬೇಕು. ಇಪ್ಪತ್ತು ನಿಮಿಷದ ಕೆಲಸ ಎಂದಿದ್ದಾರೆ ಡಾಕ್ಟರು.